ಉಬ್ಬು ಬೇಕಾದ್ರ ಮಷೀನೇ ಬೇಕಾ?

ಮೊನ್ನೆ ಬೆಳಗಾವಿಯಲ್ಲಿ ಗ್ರೀಟಿಂಗ್ ಕಾರ್ಡ್ ಮಾಡೋದು ಕಲಿಸೋ ಒಂದು ಕ್ಲಾಸಿಗೆ ಹೋಗಿದ್ದೆ. ಎಂಬಾಸಿಂಗ್ ಮಷೀನು, ಪ್ಲಾಸ್ಟಿಕ್ ಫೋಲ್ಡರು, ಡಬ್ಬಿ ಟೆಕ್ಸ್ಚರ್ ಪೇಸ್ಟು ಇಲ್ಲದೆ ಕಾರ್ಡಿಗೆ ಟೆಕ್ಸ್ಚರ್ ಬರೋದೇ ಇಲ್ಲ ಅಂದರು ಕಲಿಸುವವರು. "ಬಟ್ಟೀ ಒತ್ತಿದ್ರ ಬರತೈತಲ್ರೀ ಮೇಡಮ್ಮರ" ಅಂದೆ. "ಅದು ಹಳ್ಳಿ ಫಿನಿಶಿಂಗ್ ಆಗತ್ತೆ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನ ಜೊತೆ ಸುರೇಬಾನದಿಂದ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಮಷೀನಿನ ರೇಟು ಕೇಳಿ, ವಾಪಸ್ ಬರೋ ಬಸ್ಸಿನಲ್ಲೇ ಕಾರ್ಡಿನ ಆಸೆ ಬಿಟ್ಟರು. ನನ್ನ ಸಿಟ್ಟು ಇರೋದು ಅದಕ್ಕೆ.

ನಮ್ಮದು ನೇಕಾರರ ಊರು. ನಮಗೆ ಬಟ್ಟೆಯ ಗುರುತು ಕೀಳು ಅಂತ ಹೇಳಿಕೊಡಬೇಕಾ? ಒಳ್ಳೇ ಕೈಕಾಗದ ಹುಟ್ಟೋದೇ ಬಟ್ಟೆಯಿಂದ. ಹತ್ತಿ ಬಟ್ಟೆಯ ಚೂರುಗಳನ್ನು ನೀರಲ್ಲಿ ಅರೆದು, ಆ ತಿರುಳನ್ನು ಜಾಲರಿಯಲ್ಲಿ ಎತ್ತಿ, ಬಟ್ಟೆಯ ಮೇಲೆ ಕವುಚಿ ಒತ್ತುತ್ತಾರೆ. ಆ ಬಟ್ಟೆಯ ನೇಯ್ಗೆ ಹಾಳೆಯ ಮೇಲೆ ಮೂಡುತ್ತೆ. ಅಂದರೆ ಟೆಕ್ಸ್ಚರ್ ಆಮೇಲೆ ಕೊಂಡು ತಂದು ಹಚ್ಚೋ ವಸ್ತುವಲ್ಲ, ಹಾಳೆಯ ಜೊತೆಗೇ ಹುಟ್ಟಿದ್ದು.

ಬರೀ ಬಾಯಿಮಾತು ಬೇಡ ಅಂತ ಮಾಡಿ ನೋಡಿದೆ. ಕೈಕಾಗದಕ್ಕೆ ತುಸು ನೀರು ಸಿಂಪಡಿಸಿ, ಬಟ್ಟೆಯ ಮೇಲೆ ಹಾಸಿ, ಎರಡು ಹಲಗೆ ನಡುವೆ ಇಟ್ಟು, ಮೇಲೆ ಜೋಳದ ಚೀಲ ಹೇರಿ ರಾತ್ರಿಯಿಡೀ ಬಿಟ್ಟೆ. ಖಣದ ತುಂಡು ಕೈಕೊಟ್ಟಿತು: ಗುರುತು ಮಸುಕು, ಬಣ್ಣ ಮಾತ್ರ ಹಾಳೆಗೆ ಹತ್ತಿತು. ಗೋಣಿತಟ್ಟು ಗೆದ್ದಿತು. ಒಂದೊಂದು ಎಳೆಯೂ ಎದ್ದು ಕಾಣುತ್ತೆ. ಅಂಗಡಿಯ ಹೊಳೆಯೋ ಆರ್ಟ್ ಕಾರ್ಡು ಮಾತ್ರ ನೀರಿಗೆ ಉಬ್ಬಿ ಹಾಳಾಯಿತು.

ಪೇಸ್ಟಿಗೆ ಅಂತ ಮೊದಲು ಸಣ್ಣ ರವೆ, ಫೆವಿಕಾಲ್ ಕಲಸಿದೆ. ಮಳೆಗಾಲದಲ್ಲಿ ಹುಳ ಬಿತ್ತು! ತಪ್ಪು ನನ್ನದೇ. ಈಗ ರವೆ ಬದಲು ಚಾಕ್‌ಪೀಸ್ ಪುಡಿ. ತೆಳ್ಳಗೆ ಹಚ್ಚಿ, ಹಸಿ ಇದ್ದಾಗಲೇ ಹಳೇ ಬಾಚಣಿಕೆ ಎಳೆದರೆ ಸಾಕು. ದಪ್ಪ ಹಚ್ಚಿದರೆ ಒಣಗಿ ಬಿರಿಯುತ್ತೆ.

ಕಸೂತಿಯನ್ನೂ ಹಾಕಿದೆ. ಬಟ್ಟೆಯಲ್ಲಾದರೆ ಎಳೆ ಎಣಿಸಬಹುದು, ಹಾಳೆಯಲ್ಲಿ ಎಣಿಸೋಕೆ ಎಳೆ ಎಲ್ಲಿದೆ? ಅದಕ್ಕೇ ಗ್ರಾಫ್ ಹಾಳೆ ಮೇಲಿಟ್ಟು ಮೊದಲೇ ಸೂಜಿಯಿಂದ ತೂತು ಮಾಡಿಕೊಳ್ಳಬೇಕು. ಗವಂತಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತೆ. ಹಾಗಾಗಿ ಕಾರ್ಡು ತೆರೆದರೂ ಒಳಗೆ ಮುಚ್ಚಿಡುವಂಥದ್ದು ಏನೂ ಇಲ್ಲ. ಇದಾ ಹಳ್ಳಿ ಫಿನಿಶಿಂಗು?

ಮಷೀನು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನೂರು ಕಾರ್ಡು ಒಂದೇ ಥರ ಬೇಕಾದರೆ ಅದೇ ಸರಿ. ಆದರೆ ಅದಿಲ್ಲದವರಿಗೆ ಈ ಕೆಲಸವೇ ಇಲ್ಲ ಅನ್ನೋದು ಸುಳ್ಳು. ಹಾಗೇ ನಮ್ಮವರಿಗೂ ಒಂದು ಮಾತು: ರೆಡಿಮೇಡ್ ಕಾರ್ಡಿಗೆ ಖಣದ ಪಟ್ಟಿ ಅಂಟಿಸಿ "ದೇಸಿ" ಅಂತ ಮಾರೋದೂ ಅದೇ ಮೋಸದ ಇನ್ನೊಂದು ಮುಖ. ಅಲ್ಲಿ ನೇಕಾರನ ಕೈ ಇದೆ, ನಿಮ್ಮ ಕೈ ಎಲ್ಲಿ?

ಆ ಇಬ್ಬರಲ್ಲಿ ಒಬ್ಬಳು ನಿನ್ನೆ ಮನೆಗೆ ಬಂದಿದ್ದಳು. ಗೋಣಿ ಒತ್ತಿದ ಕಾರ್ಡನ್ನು ಬೆರಳಿನಿಂದ ಸವರಿ, "ಅಕ್ಕಾ, ಗೋಣಿಚೀಲ ನಮ್ಮ ಮನ್ಯಾಗೂ ಅದಾವು" ಅಂದಳು.

ನಿಮ್ಮ ಮನೆಯಲ್ಲಿ ಏನೇನಿದೆ? ಒತ್ತಿ ನೋಡಿ, ಕೆಟ್ಟರೆ ಅದನ್ನೂ ಬರೀರಿ.