ತಲೆಯೊಳಗಿನ ಕೋಡಿ

ಕೆರೆಯನ್ನು ಕಟ್ಟಿದವರು ಕೋಡಿಯನ್ನು ಬಿಡದಿದ್ದರೆ ಮೊದಲ ದೊಡ್ಡ ಮಳೆಗೇ ಏರಿ ಒಡೆದುಹೋಗುವುದು. ನಮ್ಮ ತಲೆಯೊಳಗೂ ಇಂಥದೊಂದು ನೀರಿನ ವ್ಯವಹಾರ ಉಂಟೆಂಬುದು ಅನೇಕ ವಾಚಕರಿಗೆ ಸೋಜಿಗವೆನಿಸಬಹುದು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿ ಹರಿಯುವ ತಿಳಿದ್ರವವು ಬೆಳೆದವರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಹುಟ್ಟಿ, ಅಷ್ಟೇ ರಕ್ತಕ್ಕೆ ಮರಳಿ ಸೇರುತ್ತದೆ. ಮರಳುವ ದಾರಿ ಕಟ್ಟಿತೆಂದರೆ ಮಿದುಳು ಒತ್ತಡಕ್ಕೆ ಸಿಕ್ಕಿ ನಲುಗುವುದು. ಎಳೆಗೂಸಾದರೆ ತಲೆಯೇ ಹಿಗ್ಗುತ್ತ ಹೋಗುವುದು.

ಇದಕ್ಕೆ ಶಸ್ತ್ರವೈದ್ಯರು ಕಂಡುಕೊಂಡ ಉಪಾಯವೆಂದರೆ, ಮಿದುಳಿನಿಂದ ಹೃದಯಕ್ಕೋ ಹೊಟ್ಟೆಯೊಳಕ್ಕೋ ಸಣ್ಣ ನಳಿಗೆಯೊಂದನ್ನು ಚರ್ಮದಡಿಯಲ್ಲಿ ಹಾಯಿಸಿ ನೀರನ್ನು ಇಳಿಸುವುದು. ಕೇಳುವುದಕ್ಕೆ ಸುಲಭ. ಆದರೆ ನೀರು ಅತಿಯಾಗಿ ಇಳಿದರೆ ಮಿದುಳು ಕುಗ್ಗಿ ಒಳಗೆ ರಕ್ತಸ್ರಾವವಾದೀತು. ರಕ್ತವು ನಳಿಗೆಯೊಳಕ್ಕೆ ಹಿಮ್ಮೆಟ್ಟಿದರೆ ಹೆಪ್ಪುಗಟ್ಟೀತು. ಒತ್ತಡವು ಮಿತಿಯನ್ನು ಮುಟ್ಟಿದಾಗ ಮಾತ್ರ ತೆರೆದು, ಇಳಿದೊಡನೆ ತಾನೇ ಮುಚ್ಚಿಕೊಳ್ಳುವ ಕವಾಟ ಬೇಕು. ಅಂಥದನ್ನು 1956ರಲ್ಲಿ ಸಿಲಿಕೋನಿನಿಂದ ಮಾಡಿಕೊಟ್ಟವನು ವೈದ್ಯನಲ್ಲ, ಅಮೆರಿಕದ ಜಾನ್ ಹೋಲ್ಟರ್ ಎಂಬ ಯಂತ್ರಕರ್ಮಿ. ಅವನ ಮಗನಿಗೇ ಆ ರೋಗವಿತ್ತು.

1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೀದಿಯೊಂದರಲ್ಲಿ ನಾಲ್ಕು ತಿಂಗಳ ಕೂಸಿದ್ದ ತಳ್ಳುಗಾಡಿಗೆ ಟ್ಯಾಕ್ಸಿಯೊಂದು ಬಡಿಯಿತು. ಕೂಸಿನ ಹೆಸರು ಥಿಯೋ. ತಂದೆ, ಮಕ್ಕಳ ಕಥೆಗಳಿಂದ ಮುಂದೆ ಜಗತ್ಪ್ರಸಿದ್ಧನಾದ ರೋಲ್ಡ್ ಡಾಲ್. ತಲೆಗೆ ಬಿದ್ದ ಪೆಟ್ಟಿನಿಂದ ಒಳಗೆ ನೀರು ತುಂಬತೊಡಗಿತು. ಹೋಲ್ಟರನ ಕವಾಟವನ್ನೇ ಇಟ್ಟರು. ಆದರೆ ಅದರ ಸೀಳುಗಳಲ್ಲಿ ಗಾಯದ ಕಸ ಸಿಕ್ಕಿಕೊಂಡು ಮತ್ತೆ ಮತ್ತೆ ಕಟ್ಟಿತು. ಕಟ್ಟಿದಾಗ ಕೂಸಿಗೆ ಕಣ್ಣೇ ಕಾಣದಾಗುವುದು, ಪುನಃ ಶಸ್ತ್ರಕ್ರಿಯೆ.

ಇಂಗ್ಲೆಂಡಿಗೆ ಮರಳಿದ ಡಾಲ್ ಸ್ಟ್ಯಾನ್ಲಿ ವೇಡ್ ಎಂಬ ಎಂಜಿನಿಯರನ ಬಾಗಿಲು ತಟ್ಟಿದನು. ಆಟದ ವಿಮಾನಗಳಿಗೆ ಪುಟ್ಟ ಇಂಧನ ಪಂಪುಗಳನ್ನು ಮಾಡುವುದು ವೇಡನ ಹವ್ಯಾಸ. ದೊಡ್ಡವರಿಗೇಕೆ ಆಟಿಕೆಯ ಹುಚ್ಚು ಎನ್ನುವವರು ಇದನ್ನು ಗಮನಿಸಬೇಕು! ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ಕೆನೆತ್ ಟಿಲ್ ಇವರ ಜೊತೆಗೂಡಿದನು. 1962ರಲ್ಲಿ ಹೊಸ ಕವಾಟ ಸಿದ್ಧವಾಯಿತು. ಸೀಳಿನ ಬದಲು ಲೋಹದ ಗೂಡಿನಲ್ಲಿ ಆಡುವ ಪುಟ್ಟ ಲೋಹದ ಬಿಲ್ಲೆಗಳು. ಮಿದುಳಿನ ಕಡೆಯಿಂದ ಒತ್ತಿದರೆ ಸರಿದು ದಾರಿ ಬಿಡುವುವು, ಎದುರಿನಿಂದ ಒತ್ತಿದರೆ ಕೂತು ಮುಚ್ಚುವುವು. ಅಷ್ಟರಲ್ಲಿ ಥಿಯೋಗೆ ಅದರ ಅಗತ್ಯವೇ ತೀರಿತ್ತು. ಉಪಯೋಗವಾದದ್ದು ಪರರ ಸಾವಿರಾರು ಮಕ್ಕಳಿಗೆ. ಮೂವರೂ ಅದರಿಂದ ಲಾಭ ಪಡೆಯಲೊಲ್ಲದೆ ಹೋದರು.

ಲಾಭದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ನಮ್ಮ ದೇಶದಲ್ಲೇ ತಯಾರಾಗುವ ಛಾಬ್ರಾ ಕವಾಟವನ್ನು ಉಗಾಂಡಾದ 195 ಮಕ್ಕಳಲ್ಲಿ ಪರದೇಶದ ಇನ್ನೊಂದರೊಡನೆ ಹೋಲಿಸಿ ನೋಡಿದ ವರದಿ 2005ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಫಲದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಬೆಲೆ ಮಾತ್ರ ಒಂದಕ್ಕೆ 35 ಡಾಲರು, ಮತ್ತೊಂದಕ್ಕೆ 650!

ಎಂದೂ ಕಟ್ಟಿಕೊಳ್ಳದ ನಳಿಗೆ ಇನ್ನೂ ಹುಟ್ಟಿಲ್ಲ. ಇಂಥ ನಳಿಗೆಯುಳ್ಳ ಮಗು ತಲೆನೋವೆಂದು ಅತ್ತು, ವಾಂತಿ ಮಾಡಿಕೊಂಡು, ಮಂಕಾಗಿ ಮಲಗಿದರೆ, ಅಜೀರ್ಣವೆಂದು ಬೆಳಗಿನವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕು.