ಮೊದಲು ಸರಕು, ಆಮೇಲೆ ಜನ!

ಹಾಸನ–ಮಂಗಳೂರು ರೈಲುಮಾರ್ಗ ಮೀಟರ್ ಗೇಜಿನಲ್ಲಿ ಪೂರ್ಣಗೊಂಡದ್ದು 1979ರಲ್ಲಿ. ಬ್ರಾಡ್ ಗೇಜ್ ಮಾಡುತ್ತೇವೆಂದು 1996ರಲ್ಲಿ ಘಟ್ಟದ ಗಾಡಿಗಳನ್ನು ನಿಲ್ಲಿಸಿದರು. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 57 ಸುರಂಗಗಳಲ್ಲಿ ಹತ್ತು ವರ್ಷ ಗಾಡಿಯ ಸದ್ದಡಗಿತು. 2006ರಲ್ಲಿ ಮಾರ್ಗ ತೆರೆಯಿತು, ಯಾರಿಗೆ? ಗೂಡ್ಸ್ ಗಾಡಿಗೆ! ಪ್ರಯಾಣಿಕರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಕೂಲಿಕಾರನೂ ಗಂಟುಮೂಟೆಯ ಸಣ್ಣ ವ್ಯಾಪಾರಿಯೂ ಹೆಚ್ಚಿನ ಬಸ್ ದರ ತೆತ್ತು ಶಿರಾಡಿ ಘಾಟಿಯಲ್ಲಿ ಏಗಬೇಕಾಯಿತು.

ಐವತ್ತಡಿಗೆ ಒಂದಡಿ ಏರುವ ಹಳಿ. ಸುರಕ್ಷತೆ ಬೇಡವೆಂದು ನಾವು ಹೇಳೆವು. ಆದರೆ ಅದೇ ಏರಿನಲ್ಲಿ ಗೂಡ್ಸ್ ನಡೆಸಿದ ಡ್ರೈವರ್, ಗಾರ್ಡುಗಳ ಜೀವಕ್ಕೆ ಬೆಲೆಯಿರಲಿಲ್ಲವೇ?

2018ರಲ್ಲೂ 2024ರಲ್ಲೂ ಗುಡ್ಡ ಜರಿದು ಮಾರ್ಗ ಮುಚ್ಚಿತು. ಇನ್ನು ಮುಂದೆ ಮುಚ್ಚಿದ ದಿನದಿಂದಲೇ, ರೈಲಿನ ದರದಲ್ಲೇ, ಇಲಾಖೆ ಬದಲಿ ಬಸ್ಸು ಓಡಿಸಬೇಕು.