ಬಿಡಿಭಾಗಕ್ಕೆ ಮೊದಲು ತಪಾಸಣೆಗೆ ಹಣ ಕೊಡೋಣ

ಏಪ್ರಿಲ್, ಮೇ ತಿಂಗಳಲ್ಲಿ ಬೀದರ್‌ನ ಗ್ಯಾರೇಜುಗಳಲ್ಲಿ ಕೇಳಿಬರುವ ದೂರು ಒಂದೇ: ‘ಗಾಡಿ ಹೀಟ್ ಆಗ್ಲತದ್ರಿ, ಪಿಕಪ್ಪೂ ಇಲ್ಲ.’ ಮಾಲೀಕ ಒಂದೇ ಉಸಿರಿನಲ್ಲಿ ಹೇಳುವ ಈ ಮಾತನ್ನು ಗ್ಯಾರೇಜು ಎರಡು ಬೇರೆ ಬೇರೆ ರೋಗವೆಂದು ತಿಳಿಯುತ್ತದೆ. ಹೀಟ್‌ಗೆಂದು ಥರ್ಮೋಸ್ಟಾಟ್ ಕಿತ್ತುಹಾಕುತ್ತಾರೆ, ಪಿಕಪ್‌ಗೆಂದು ಟರ್ಬೊ ಬದಲಿಸುತ್ತಾರೆ. ಸಾವಿರಾರು ರೂಪಾಯಿ ಹೋಗುತ್ತದೆ, ಭಾಲ್ಕಿ ರಸ್ತೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಎ.ಸಿ. ಹಾಕಿದರೆ ಮುಳ್ಳು ಮತ್ತೆ ಕೆಂಪು ಗೆರೆಯತ್ತ ಏರುತ್ತದೆ. ಟರ್ಬೊ ಕಾರಿನಲ್ಲಿ ಈ ಎರಡೂ ದೂರುಗಳ ಬೇರು ಎಷ್ಟೋ ಸಲ ಒಂದೇ ಆಗಿರುತ್ತದೆ. ಅದನ್ನು ಅಳೆದು ನೋಡಿ ಕಂಡುಹಿಡಿಯಬಹುದು. ಹಾಗೆ ಕಂಡುಹಿಡಿಯದೇ ಇರುವುದಕ್ಕೆ ಮಿಸ್ತ್ರಿಗಿಂತ ಹೆಚ್ಚು ಹೊಣೆ ಗ್ರಾಹಕರಾದ ನಮ್ಮದು ಎಂಬುದು ನನ್ನ ವಾದ.

ಟರ್ಬೊ ಮಾಡುವ ಕೆಲಸವನ್ನೇ ನೋಡಿ. ಎಂಜಿನ್ ಹೊರಬಿಡುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಈಗ ನಮ್ಮ ಸಣ್ಣ ಕಾರುಗಳ ಬಾನೆಟ್ ಕೆಳಗೂ ಇದೆ, ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಒತ್ತಿದ ಗಾಳಿ ಕಾಯುತ್ತದೆ. 40 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣ 130 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಿ ಒಳಗೆ ಕಳಿಸಬೇಕು. ಬೀದರ್ ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ, ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಇಲ್ಲಿ ಹೊಸತಲ್ಲ. ಎತ್ತರ ಮತ್ತು ಸೆಕೆ ಸೇರಿದಾಗ, ಕಡಲತೀರದ 15 ಡಿಗ್ರಿಯ ಗಾಳಿಗಿಂತ ನಮ್ಮ ಗಾಳಿ ಸುಮಾರು ಶೇ 15ರಷ್ಟು ತೆಳುವಾಗುತ್ತದೆ. ಆ ಕೊರತೆ ತುಂಬಲು ಟರ್ಬೊ ಇನ್ನೂ ಜೋರಾಗಿ ಸುತ್ತಬೇಕು. ಇಂಥ ಹೊತ್ತಿನಲ್ಲಿ ಇಂಟರ್‌ಕೂಲರಿನ ರಬ್ಬರ್ ಪೈಪು ಬೆರಳುದ್ದ ಸೀಳಿದ್ದರೂ ಸಾಕು. ಗಾಳಿ ಸೋರುತ್ತದೆ, ಟರ್ಬೊ ಮತ್ತಷ್ಟು ದುಡಿಯುತ್ತದೆ, ಶಾಖ ಹೆಚ್ಚುತ್ತದೆ. ಶಾಖ ಮಿತಿ ಮೀರಿತೆಂದು ಕಂಡಾಗ ಕಾರಿನ ಕಂಪ್ಯೂಟರ್ ಎಂಜಿನ್ ಉಳಿಸಲು ತಾನೇ ಶಕ್ತಿ ಇಳಿಸುತ್ತದೆ. ಮಾಲೀಕನಿಗೆ ಕಾಣುವುದು ಹೀಟ್ ಮತ್ತು ಪಿಕಪ್ ಎಂಬ ಎರಡು ದೂರು, ಒಳಗಿರುವುದು ಒಂದು ಸೀಳು.

ಸೀಳು ಇಲ್ಲದಿದ್ದರೆ ಧೂಳು. ಭಾಲ್ಕಿ ಭಾಗದಲ್ಲಿ ಕಬ್ಬಿನ ಲಾರಿಗಳ ಹಿಂದೆ ಹಾರುವ ರವದಿ, ಔರಾದ್ ಕಡೆಯ ಎರೆಮಣ್ಣಿನ ಧೂಳು ಕಾರಿನ ಮೂತಿಯ ಮೂಲಕವೇ ಒಳಗೆ ಹೋಗುತ್ತವೆ. ಮುಂದೆ ಎ.ಸಿ. ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಹಲವು ಕಾರುಗಳಲ್ಲಿ ಇಂಟರ್‌ಕೂಲರ್ ಕೂಡ ಅಲ್ಲೇ. ವಾಷಿಂಗ್ ಸೆಂಟರಿನಲ್ಲಿ ಮುಂದಿನಿಂದ ನೀರು ಹೊಡೆದರೆ ಕಂಡೆನ್ಸರ್ ಫಳಫಳ ಹೊಳೆಯುತ್ತದೆ. ಟಾರ್ಚ್ ಹಿಡಿದು ಅದರ ಮತ್ತು ರೇಡಿಯೇಟರಿನ ನಡುವಿನ ಸಂದಿಯಲ್ಲಿ ಇಣುಕಿದರೆ ಮಣ್ಣು, ಹುಳು, ಹುಲ್ಲಿನ ಎಳೆ ಸೇರಿ ಕಂಬಳಿಯಂತೆ ಕೂತಿರುವುದು ಕಾಣುತ್ತದೆ. ಅದನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೆಗೆಯಬೇಕು. ಜೋರು ಒತ್ತಡಕ್ಕೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಈ ಕೆಲಸಕ್ಕೆ ಯಾವ ಬಿಡಿಭಾಗವೂ ಬೇಡ. ಇಂಟರ್‌ಕೂಲರ್ ಪೈಪಿನ ಕ್ಲಾಂಪ್ ಸುತ್ತ ಎಣ್ಣೆ ಜಿಡ್ಡಿನ ಕಪ್ಪು ಗೆರೆ ಎದ್ದಿದ್ದರೆ ಗಾಳಿ ಅಲ್ಲಿ ಸೋರುತ್ತಿದೆ ಎಂದು ಅನುಮಾನಿಸಬೇಕು, ಹೊಗೆ ತುಂಬಿಸಿಯೋ ಸಾಬೂನು ನೀರು ಹಚ್ಚಿಯೋ ಖಾತ್ರಿ ಮಾಡಿಕೊಳ್ಳಬೇಕು.

ಯಾವಾಗ ಹೀಟ್ ಆಗುತ್ತದೆ ಎಂಬ ಪ್ರಶ್ನೆಯೇ ಅರ್ಧ ಉತ್ತರ. ಸಿಗ್ನಲ್‌ನಲ್ಲಿ ನಿಂತಾಗ ಏರಿ ಓಡುವಾಗ ಇಳಿದರೆ ಫ್ಯಾನಿನ ಮೇಲೆ ಕಣ್ಣಿಡಬೇಕು. ಹೆದ್ದಾರಿಯ ಏರಿನಲ್ಲಿ ಮಾತ್ರ ಏರಿದರೆ ರೇಡಿಯೇಟರಿನಲ್ಲಿ ನೀರು ಅಥವಾ ಗಾಳಿ ಸರಾಗವಾಗಿ ಹರಿಯುತ್ತಿಲ್ಲ ಎಂದು ಅನುಮಾನಿಸಬೇಕು. ಬೋರ್‌ವೆಲ್ಲಿನ ಗಡಸು ನೀರು ಸುರಿದವರ ರೇಡಿಯೇಟರಿನೊಳಗೆ ಉಪ್ಪು ಗಟ್ಟಿರುವ ಸಾಧ್ಯತೆ ಹೆಚ್ಚು. ತಣ್ಣಗಿನ ಎಂಜಿನ್ ಶುರು ಮಾಡಿದ ಕೂಡಲೇ ನೀರಿನ ಪೈಪು ಬಿಗಿದುಕೊಂಡರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಕೂಲಂಟಿನಲ್ಲಿ ಹೊಗೆಯ ಅನಿಲ ಸೇರಿದೆಯೇ ಎಂಬುದನ್ನು ನೀಲಿಯಿಂದ ಹಳದಿಗೆ ತಿರುಗುವ ದ್ರವದ ಅಗ್ಗದ ಪರೀಕ್ಷೆಯೊಂದು ಹೇಳಿಬಿಡುತ್ತದೆ. ಬಿಎಸ್‌-6 ಡೀಸೆಲ್ ಗಾಡಿಯನ್ನು ಊರೊಳಗೇ ಓಡಿಸುವವರಿಗೆ ಹೊಗೆಯ ಫಿಲ್ಟರ್ ಕಟ್ಟಿಕೊಳ್ಳುವ ತಾಪತ್ರಯ ಬೇರೆ. ಇದಕ್ಕೆಲ್ಲ ಥರ್ಮೋಸ್ಟಾಟ್ ಕೀಳುವುದು ಮದ್ದಲ್ಲ. ಕೆಲವು ಎಂಜಿನ್ನುಗಳಲ್ಲಿ ಅದನ್ನು ತೆಗೆದರೆ ಬೈಪಾಸ್ ದಾರಿ ತೆರೆದೇ ಉಳಿದು, ಬಿಸಿ ನೀರು ರೇಡಿಯೇಟರಿಗೆ ಪೂರ್ತಿ ಹೋಗದೆ ಎಂಜಿನ್ನಿಗೇ ಮರಳುತ್ತದೆ.

ಸ್ಕ್ಯಾನರ್ ಇದ್ದರೆ ಸಾಕಲ್ಲ ಎನ್ನುವವರಿದ್ದಾರೆ. ಬೇಕು, ಆದರೆ ಕೋಡ್ ತೀರ್ಪಲ್ಲ. ಪಿ0299 ಎಂದರೆ ಗಾಳಿಯ ಒತ್ತಡ ಕಡಿಮೆಯಿದೆ ಎಂದಷ್ಟೇ ಅರ್ಥ. ಟರ್ಬೊ ಹಾಳಾಗಿದೆ ಎಂದು ಅದು ಹೇಳುವುದಿಲ್ಲ. ಗಾಡಿ ಭಾರ ಎಳೆಯುವಾಗ ಕಂಪ್ಯೂಟರ್ ಕೇಳಿದ ಒತ್ತಡವೆಷ್ಟು, ಬಂದದ್ದೆಷ್ಟು, ಆಗ ಕೂಲಂಟಿನ ಉಷ್ಣ ಎಷ್ಟು ಎಂಬ ಮೂರು ಅಂಕಿಗಳನ್ನು ಒಟ್ಟಿಗೆ ಓದಿದರೆ ದಾರಿ ಸಿಗುತ್ತದೆ. ಟರ್ಬೊ ನಿಜಕ್ಕೂ ಸತ್ತಿದ್ದರೂ ಅದು ಸತ್ತದ್ದೇಕೆಂದು ಕೇಳಲೇಬೇಕು. ಆಯಿಲ್ ಪೈಪು ಕಟ್ಟಿಕೊಂಡಿದ್ದನ್ನು ನೋಡದೆ ಹೊಸದನ್ನು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹಾಗಿದ್ದರೆ ಮಿಸ್ತ್ರಿ ಇದನ್ನೆಲ್ಲ ಏಕೆ ಮಾಡುವುದಿಲ್ಲ? ನಾವು ಇದಕ್ಕೆ ದುಡ್ಡು ಕೊಡುವುದಿಲ್ಲ, ಅದಕ್ಕೆ. ಡಾಕ್ಟರಿಗೆ ಔಷಧಿ ಬರೆಯದಿದ್ದರೂ ಫೀಸು ಕೊಡುತ್ತೇವೆ. ಎರಡು ಗಂಟೆ ಹುಡುಕಿ ಕ್ಲಾಂಪ್ ಬಿಗಿ ಮಾಡಿದ ಮಿಸ್ತ್ರಿಗೆ ‘ಏನೂ ಹಾಕಿಲ್ಲಲ್ಲ, ಯಾತಕ್ಕ ರೊಕ್ಕ?’ ಎನ್ನುತ್ತೇವೆ. ಸಾಮಾನು ಹಾಕಿದರಷ್ಟೇ ಕೂಲಿ ಹುಟ್ಟುವಾಗ ಸಾಮಾನು ಹಾಕುವುದೇ ಕಸುಬಾಗುತ್ತದೆ. ಅನುಭವಿ ಮಿಸ್ತ್ರಿಗೆ ಸದ್ದು ಕೇಳಿದರೇ ಗೊತ್ತಾಗುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ, ಆ ಅನುಭವಕ್ಕೆ ನನಗೆ ಗೌರವವಿದೆ. ಆದರೆ ತಾನೇ ಶಕ್ತಿ ಇಳಿಸಿಕೊಂಡ ಎಂಜಿನ್ ಸದ್ದು ಮಾಡುವುದಿಲ್ಲ; ಅಲ್ಲಿ ಕಿವಿಗೆ ಅಂಕಿಯ ನೆರವು ಬೇಕು. ಬಡ ಟ್ಯಾಕ್ಸಿ ಚಾಲಕನಿಗೆ ತಪಾಸಣೆ ಶುಲ್ಕವೂ ಭಾರವೇ, ಒಪ್ಪುತ್ತೇನೆ. ಬೇಡದ ಟರ್ಬೊ ಅದಕ್ಕಿಂತ ಎಷ್ಟೋ ಪಟ್ಟು ಭಾರ. ಹೈದರಾಬಾದಿಗೆ ಒಯ್ದರಾಯಿತು ಎಂಬುದೂ ಪರಿಹಾರವಲ್ಲ. ಹೀಟ್ ಆಗುವ ಗಾಡಿಯನ್ನು ನೂರು ಕಿಲೋಮೀಟರಿಗೂ ಮೀರಿ ಓಡಿಸಿದರೆ ಪೈಪಿನ ಖರ್ಚಿನಲ್ಲಿ ಮುಗಿಯುವುದು ಹೆಡ್ ಬಿಚ್ಚುವಲ್ಲಿಗೆ ಮುಟ್ಟಬಹುದು.

ಕಲಿಸುವ ಜಾಗಗಳು ಜಿಲ್ಲೆಯಲ್ಲೇ ಇವೆ. ಬೀದರ್‌ನ ಗುರುನಾನಕ್ ದೇವ್ ಮತ್ತು ಭಾಲ್ಕಿಯ ಭೀಮಣ್ಣ ಖಂಡ್ರೆ ಎಂಜಿನಿಯರಿಂಗ್ ಕಾಲೇಜುಗಳು ನಾಲ್ಕು ದಶಕ ದಾಟಿವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಉನ್ನತ ದರ್ಜೆಗೆ ಏರಿಸಲಾಗಿದೆ. ಔರಾದ್‌ನ ಮಿಸ್ತ್ರಿಯೂ ಬಂದು ಹೋಗುವಂತೆ, ಬೇಸಿಗೆಗೆ ಮುಂಚೆ ವಾರದ ತರಬೇತಿಯೊಂದನ್ನು ಈ ಸಂಸ್ಥೆಗಳು ಏರ್ಪಡಿಸಲಿ. ಓದುಗರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಸಲ ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ ಎಂದರೆ, ಯಾವ ಪರೀಕ್ಷೆ ಮಾಡಿದಿರಿ, ಅಂಕಿ ಎಷ್ಟು ಬಂತು ಎಂದು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ಬರೆದುಕೊಟ್ಟವರಿಗೆ ಆ ಕೆಲಸದ ಹಣವನ್ನು ಚೌಕಾಸಿ ಮಾಡದೆ ಕೊಡಿ.